ಶೇವಿಂಗ್ ಗುಳ್ಳೆ ಯಾಕೆ ಬರತ್ತೆ, ಮಾಲೆ ಹಾಕಿದಾಗ ಯಾಕೆ ಇಳಿಯತ್ತೆ

ನಾನು ಐದು ವರ್ಷ ಮೈಸೂರಲ್ಲಿ ಒಂದು ಹೋಟೆಲಿನ ಫ್ರಂಟ್ ಆಫೀಸಲ್ಲಿ ಕೆಲಸ ಮಾಡ್ತಿದ್ದೆ, ಬೆಳಗ್ಗೆ ಏಳು ಗಂಟೆ ಶಿಫ್ಟಿಗೆ ದಿನಾ ನುಣ್ಣಗೆ ಶೇವ್ ಮಾಡ್ಕೊಂಡೇ ಹೋಗ್ಬೇಕು, ಅದು ಅಲ್ಲಿನ ರೂಲ್ಸು. ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಿಗೆಲ್ಲ ದವಡೆ ಕೆಳಗೆ, ಕುತ್ತಿಗೆ ಎರಡೂ ಕಡೆ ಕೆಂಪು ಕೆಂಪು ಗುಳ್ಳೆ ಶುರುವಾಯ್ತು, ಕಾಲರ್ ತಾಗಿದ್ರೆ ಉರಿ, ಬೆವರು ಇಳಿದ್ರೆ ಕಡಿತ, ಒಣಗಿದ ಮೇಲೆ ಕಪ್ಪು ಕಲೆ. ಮನೇಲಿ ಅಮ್ಮ "ಉಷ್ಣ ಕಣೋ, ಎಳನೀರು ಕುಡಿ" ಅಂದ್ರು, ಫ್ರೆಂಡ್ಸು ಮೊಡವೆ ಅಂದ್ರು, ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ರು. ಗುಳ್ಳೆ ಹೋಗ್ಲಿ ಅಂತ ಇನ್ನೂ ನುಣ್ಣಗೆ, ಇನ್ನೂ ಒತ್ತಿ, ಉಲ್ಟಾ ಹೊಡೆದು ಶೇವ್ ಮಾಡ್ತಿದ್ದೆ. ಆಮೇಲೊಂದು ವರ್ಷ ಅಯ್ಯಪ್ಪ ಸ್ವಾಮಿ ಮಾಲೆ ಹಾಕಿದೆ, 41 ದಿನ ಬ್ಲೇಡ್ ಮುಟ್ಟಲಿಲ್ಲ. ಮೊದಲ ಹತ್ತು ದಿನ ತುರಿಕೆ ಜಾಸ್ತೀನೇ ಆಯ್ತು, ಆದ್ರೆ ನಾಲ್ಕನೇ ವಾರ ಮುಗಿಯೋಷ್ಟರಲ್ಲಿ ಗಡ್ಡದೊಳಗೆ ಕೈಯಾಡಿಸಿದ್ರೆ ಒಂದೇ ಒಂದು ಗುಳ್ಳೆ ಸಿಗಲಿಲ್ಲ. ಮಾಲೆ ತೆಗೆದು ಮತ್ತೆ ಶೇವ್ ಶುರು ಮಾಡಿದ ಒಂದೇ ವಾರಕ್ಕೆ ಎಲ್ಲಾ ವಾಪಸ್.

ಆಗ ಚರ್ಮದ ಡಾಕ್ಟರ್ ಹತ್ರ ಹೋದೆ, ಅವರು ಲೆನ್ಸ್ ಹಿಡಿದು ನೋಡಿ ಹೇಳಿದ್ದು ಒಂದೇ ಮಾತು: ಇದು ಮೊಡವೆ ಅಲ್ಲಪ್ಪ, ನಿನ್ನ ಕೂದಲೇ ನಿನಗೆ ಮುಳ್ಳಾಗಿ ಚುಚ್ಚಿದೆ. ಆಮೇಲೆ ನಾನು ಇದರ ಬಗ್ಗೆ ತುಂಬಾ ಓದಿದೀನಿ, ಯಾಕಂದ್ರೆ ಇದೇ ಗುಳ್ಳೆ ಇಟ್ಕೊಂಡು ತಪ್ಪು ಔಷಧಿ ಹಚ್ಚಿ ಮುಖ ಕೆಡಿಸ್ಕೊಂಡ ಹುಡುಗರನ್ನ ಸುಮಾರು ನೋಡಿದೀನಿ, ಅದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ.

ಮೊದಲು ಮುಳ್ಳು ಹೇಗೆ ಆಗತ್ತೆ ಅನ್ನೋದು ನೋಡೋಣ. ಯಾವತ್ತೂ ಕತ್ತರಿಸದ ಕೂದಲಿನ ತುದಿ ಸಣ್ಣಗಾಗ್ತಾ ಹೋಗಿ ಮೆತ್ತಗಿರತ್ತೆ. ಬ್ಲೇಡು ಅದನ್ನ ಬುಡದ ದಪ್ಪ ಜಾಗದಲ್ಲಿ, ಅದೂ ಓರೆಯಾಗಿ ಕತ್ತರಿಸತ್ತೆ, ಕತ್ತಿಯಲ್ಲಿ ಕಡಿದ ಬಿದಿರಿನ ಥರ ತುದಿ ಚೂಪಾಗತ್ತೆ. ಕೂದಲು ನೆಟ್ಟಗೆ ಬೆಳೆಯೋ ಜಾತಿ ಆದ್ರೆ ತೊಂದರೆ ಇಲ್ಲ, ಆ ಚೂಪು ತುದಿ ಸೀದಾ ಹೊರಗೆ ಬಂದುಬಿಡತ್ತೆ. ಗುಂಗುರು ಕೂದಲಾದ್ರೆ ಅದು ಬೆಳೀತಾ ಬಾಗತ್ತೆ, ಹೊರಗೆ ಬಂದು ಕಮಾನಿನ ಥರ ಬಗ್ಗಿ ಒಂದೆರಡು ಮಿಲಿಮೀಟರ್ ಆಚೆ ಮತ್ತೆ ಚರ್ಮಕ್ಕೇ ಚುಚ್ಕೊಳ್ಳತ್ತೆ. ಇನ್ನೊಂದು ದಾರೀನೂ ಇದೆ. ಚರ್ಮ ಎಳೆದು ಹಿಡಿದು ಶೇವ್ ಮಾಡಿದ್ರೆ, ಇಲ್ಲಾ ಉಲ್ಟಾ ಹೊಡೆದ್ರೆ, ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕಟ್ ಆಗತ್ತೆ, ಚರ್ಮ ಬಿಟ್ಟ ತಕ್ಷಣ ಅದು ತನ್ನ ಗೂಡೊಳಗೆ, ಅಂದ್ರೆ ಅದು ಹುಟ್ಟೋ ಸಣ್ಣ ಗುಳಿಯೊಳಗೆ, ಸರಿದುಹೋಗತ್ತೆ, ಮತ್ತೆ ಬೆಳೆಯುವಾಗ ಬಾಯಿ ಸಿಗದೆ ಗೂಡಿನ ಗೋಡೆಯನ್ನೇ ತೂತು ಮಾಡ್ಕೊಂಡು ಪಕ್ಕಕ್ಕೆ ನುಗ್ಗತ್ತೆ. ಎರಡರಲ್ಲೂ ಆಗೋದು ಒಂದೇ, ಕಾಲಿಗೆ ಜಾಲಿ ಮುಳ್ಳು ಮುರಿದು ಉಳಿದ್ರೆ ಸುತ್ತ ಹೇಗೆ ಊದ್ಕೊಳ್ಳತ್ತೋ ಹಾಗೆ ದೇಹ ಈ ಕೂದಲನ್ನೂ ಹೊರಗಿನ ವಸ್ತು ಅಂತ ತಿಳ್ಕೊಂಡು ಸುತ್ತ ಊತ ಕಟ್ಟತ್ತೆ. ಡಾಕ್ಟರುಗಳು ಇದನ್ನ ಸೂಡೋಫಾಲಿಕ್ಯುಲೈಟಿಸ್ ಬಾರ್ಬೆ ಅಂತಾರೆ, ಸೂಡೋ ಅಂದ್ರೆ ಹುಸಿ, ಅಂದ್ರೆ ನೋಡೋಕೆ ಸೋಂಕಿನ ಥರ ಕಂಡ್ರೂ ಮೂಲದಲ್ಲಿ ಸೋಂಕಲ್ಲ.

ಈಗ ಮಾಲೆಯ ವಿಷಯಕ್ಕೆ ಬನ್ನಿ. ಗಡ್ಡದ ಕೂದಲು ದಿನಕ್ಕೆ ಹೆಚ್ಚು ಕಮ್ಮಿ 0.3ರಿಂದ 0.4 ಮಿಲಿಮೀಟರ್ ಬೆಳೆಯತ್ತೆ. ಒಳಗೆ ಚುಚ್ಕೊಂಡ ಕೂದಲು ಬೆಳೀತಾ ಬೆಳೀತಾ ಅದರ ಕಮಾನು ದೊಡ್ಡದಾಗತ್ತೆ, ಸುಮಾರು 10 ಮಿಲಿಮೀಟರ್ ಆಗೋಷ್ಟರಲ್ಲಿ ಸ್ಪ್ರಿಂಗ್ ಥರ ತಾನಾಗೇ ಚರ್ಮದಿಂದ ಕಿತ್ಕೊಂಡು ಹೊರಗೆ ಬರತ್ತೆ. ಲೆಕ್ಕ ಹಾಕಿ ನೋಡಿ, 41 ದಿನಕ್ಕೆ 12ರಿಂದ 16 ಮಿಲಿಮೀಟರ್ ಆಗತ್ತೆ, ಅಂದ್ರೆ ವ್ರತ ಮುಗಿಯೋ ಹೊತ್ತಿಗೆ ಹೆಚ್ಚಿನ ಕೂದಲೆಲ್ಲ ಹೊರಗೆ ಬಂದಿರತ್ತೆ. ಮೊದಲ ವಾರ ಹತ್ತು ದಿನ ತುರಿಕೆ ಜಾಸ್ತಿ ಆಗೋದು ಯಾಕೆ ಅಂದ್ರೆ ಆಗ ತಾನೇ ಕತ್ತರಿಸಿದ ಚೂಪು ತುದಿಗಳು ಇನ್ನೂ ಗಿಡ್ಡ ಇದ್ದು ಹೊಸದಾಗಿ ಚುಚ್ತಾ ಇರತ್ತೆ, ಅಷ್ಟರಲ್ಲೇ ಜನ ತಡೆಯೋಕಾಗದೆ ಶೇವ್ ಮಾಡಿಬಿಡ್ತಾರೆ, ಮತ್ತೆ ಮೊದಲಿಂದ ಶುರು. ಈ ಗುಳ್ಳೆಗೆ ಡಾಕ್ಟರುಗಳು ಹೇಳೋ ಮೊದಲ ಮದ್ದೂ ಅದೇ, ನಾಲ್ಕು ವಾರ ಆದ್ರೂ, ಜಾಸ್ತಿ ಇದ್ರೆ ಎರಡು ಮೂರು ತಿಂಗಳು ಶೇವ್ ನಿಲ್ಸಿ.

ಇದು ಎಲ್ಲರಿಗೂ ಒಂದೇ ಥರ ಬರಲ್ಲ. ಆಫ್ರಿಕಾ ಮೂಲದ ಜನರಲ್ಲಿ ತುಂಬಾ ಜಾಸ್ತಿ, ಅಮೆರಿಕದ ಸೇನೇಲಿ ದಿನಾ ಶೇವ್ ಕಡ್ಡಾಯ ಆಗಿರೋದ್ರಿಂದ ಅಲ್ಲಿ ಕಪ್ಪು ಸೈನಿಕರಿಗೆ ಇದು ದಶಕಗಳ ಸಮಸ್ಯೆ, ಡಾಕ್ಟರ್ ಚೀಟಿ ತೋರಿಸಿ ವಿನಾಯಿತಿ ತಗೋಬೇಕಾಗಿದೆ. ಕೆರಾಟಿನ್ 75 ಅನ್ನೋ ಜೀನಲ್ಲಿ ಒಂದು ಸಣ್ಣ ವ್ಯತ್ಯಾಸ ಇರೋರಿಗೆ ಇದು ಬರೋ ಸಾಧ್ಯತೆ ಸುಮಾರು ಆರು ಪಟ್ಟು ಜಾಸ್ತಿ ಅಂತಾನೂ ಕಂಡುಹಿಡಿದಿದಾರೆ. ನಮ್ಮಲ್ಲೂ ಗುಂಗುರು, ಗಟ್ಟಿ ಗಡ್ಡ ಇರೋರು ಕಮ್ಮಿ ಏನಿಲ್ಲ. ನಿಮಗೆ ಇರೋದು ಇದೇನಾ ಅಂತ ತಿಳ್ಕೊಳ್ಳೋಕೆ ಒಂದು ಗುರುತು ಹೇಳ್ತೀನಿ, ಮೀಸೆ ಜಾಗದಲ್ಲಿ ಈ ಗುಳ್ಳೆ ಸಾಮಾನ್ಯವಾಗಿ ಬರಲ್ಲ, ದವಡೆ ಕೆಳಗೆ, ಕುತ್ತಿಗೇಲಿ ಬರತ್ತೆ, ಯಾಕಂದ್ರೆ ಅಲ್ಲಿ ಕೂದಲು ಒಂದೊಂದು ಒಂದೊಂದು ದಿಕ್ಕಿಗೆ ಮಲಗಿರತ್ತೆ. ಬೆಳಕಲ್ಲಿ ಕನ್ನಡಿ ಹಿಡಿದು ನೋಡಿದ್ರೆ ಗುಳ್ಳೆಯೊಳಗೆ ಕಪ್ಪು ಗೆರೆ ಥರ ಕೂದಲು ಕಾಣತ್ತೆ.

ಎರಡು ಮೂರು ಬ್ಲೇಡಿನ ರೇಜರ್ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. 1971ರಲ್ಲಿ ಜಿಲೆಟ್ ಕಂಪನಿ ಎರಡು ಬ್ಲೇಡಿನ ರೇಜರ್ ತಂದಾಗ ಅದರ ತತ್ವ ಏನಿತ್ತು ಅಂದ್ರೆ, ಮೊದಲನೇ ಬ್ಲೇಡು ಕೂದಲನ್ನ ಸ್ವಲ್ಪ ಮೇಲಕ್ಕೆ ಎಳೆಯತ್ತೆ, ಅದು ವಾಪಸ್ ಸರಿಯೋದ್ರೊಳಗೆ ಎರಡನೇದು ಇನ್ನೂ ಕೆಳಗೆ ಕತ್ತರಿಸತ್ತೆ. ನೆಟ್ಟಗಿನ ಕೂದಲಿನವರಿಗೆ ಇದರಿಂದ ಕೆನ್ನೆ ನುಣ್ಣಗಾಗತ್ತೆ, ಸಂತೋಷ. ಗುಂಗುರು ಕೂದಲಿನವರಿಗೆ ಆ ನುಣುಪೇ ರೋಗ, ಚರ್ಮದ ಕೆಳಗೆ ಕತ್ತರಿಸೋದು ಅಂದ್ರೆ ನಾನು ಮೇಲೆ ಹೇಳಿದ ಎರಡನೇ ದಾರಿ ತೆರೆದಂಗೆ. ದುಬಾರಿ ರೇಜರ್ ತಗೊಂಡ ಮೇಲೆ ಗುಳ್ಳೆ ಜಾಸ್ತಿ ಆಯ್ತು ಅನ್ನೋರ ಕಥೆ ಇದೇ.

ಹಾಗಂತ ಶೇವ್ ಆದ ಮೇಲೆ ಬರೋದೆಲ್ಲ ಇದೇ ಅಂತ ಅನ್ಕೋಬೇಡಿ, ಇಲ್ಲೇ ಜನ ಎಡವೋದು, ಎಲ್ಲದಕ್ಕೂ ಒಂದೇ ಟ್ಯೂಬು. ಶೇವ್ ಮಾಡಿದ ಹತ್ತು ನಿಮಿಷಕ್ಕೆ ಚರ್ಮ ಪೂರ್ತಿ ಕೆಂಪಾಗಿ ಉರಿದ್ರೆ ಅದು ಬರೀ ಗೀಚಿದ ಉರಿ, ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲಿನ ಪದರವನ್ನೂ ಹೆರೆದಿರತ್ತೆ, ತಣ್ಣೀರು ಬಟ್ಟೆ ಇಟ್ಟು ಮಾಯಿಶ್ಚರೈಸರ್ ಹಚ್ಚಿದ್ರೆ ಒಂದೆರಡು ದಿನದಲ್ಲಿ ಹೋಗತ್ತೆ. ಕೂದಲು ಚುಚ್ಚಿದ ಗುಳ್ಳೆ ಒಂದೆರಡು ದಿನ ಬಿಟ್ಟು ಏಳತ್ತೆ. ಹಳದಿ ಕೀವು ತುಂಬಿದ ಸಣ್ಣ ಗುಳ್ಳೆ, ನಡುವೆ ಒಂದು ಕೂದಲು, ಮುಟ್ಟಿದ್ರೆ ನೋವು ಅಂದ್ರೆ ಅದು ನಿಜವಾದ ಸೋಂಕು, ಹೆಚ್ಚಾಗಿ ಸ್ಟಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾದ್ದು. ಸುಮಾರು ಮೂರು ಜನರಲ್ಲಿ ಒಬ್ಬರ ಮೂಗಿನೊಳಗೆ ಈ ಬ್ಯಾಕ್ಟೀರಿಯಾ ಸುಮ್ಮನೆ ವಾಸ ಇರತ್ತೆ, ಬ್ಲೇಡಿನ ಗೀರು ಸಿಕ್ಕಿದ್ರೆ ಒಳಗೆ ಇಳಿಯತ್ತೆ. ಇದು ಆಳಕ್ಕೆ ಹೋದ್ರೆ ಕುರು ಆಗತ್ತೆ. ಮೂಗಿನ ಪಕ್ಕ, ಮೇಲ್ತುಟಿ ಮೇಲೆ ಆದ ಕುರುವನ್ನ ದಯವಿಟ್ಟು ಹಿಚುಕಬೇಡಿ, ಅಲ್ಲಿನ ರಕ್ತನಾಳಗಳಿಗೆ ಮೆದುಳಿನ ಕಡೆಯ ರಕ್ತನಾಳಗಳ ಜೊತೆ ಸಂಪರ್ಕ ಇದೆ, ಅಪರೂಪಕ್ಕೆ ಸೋಂಕು ಅಲ್ಲಿಗೇ ಹೋಗಬಹುದು. ಮತ್ತೆ ಮತ್ತೆ ಕುರು ಆಗ್ತಾನೇ ಇದ್ರೆ ಒಂದು ಸಲ ಶುಗರ್ ಚೆಕ್ ಮಾಡಿಸಿ.

ತುರಿಕೆ ಜೋರಾಗಿದ್ದು, ಅಂಚು ಉಬ್ಬಿ ವೃತ್ತದ ಥರ ಹರಡ್ತಾ ಇದ್ರೆ ಅದು ಹುಳುಕಡ್ಡಿ, ಅಂದ್ರೆ ಫಂಗಸ್ಸು. ಗಡ್ಡದೊಳಗೆ ಆಳಕ್ಕೆ ಇಳಿದಿದ್ರೆ ಅಲ್ಲಿನ ಕೂದಲು ಎಳೆದ್ರೆ ನೋವೇ ಇಲ್ಲದೆ ಕೈಗೆ ಬಂದುಬಿಡತ್ತೆ. ದನ ಕರು ಸಾಕೋರ ಗಡ್ಡದಲ್ಲಿ ಇದು ಬರತ್ತೆ, ಕರುವಿನ ಮುಖದ ಮೇಲೆ ಬೂದು ಬಣ್ಣದ ರೋಮ ಉದುರಿದ ಮಚ್ಚೆ ಇರತ್ತಲ್ಲ, ಅದೇ ಫಂಗಸ್ಸು ಹಾಲು ಕರೆಯುವಾಗ, ಮೈ ಒರಗಿದಾಗ ಮನುಷ್ಯರಿಗೆ ದಾಟತ್ತೆ. ಇನ್ನು ಕೆಲವರಿಗೆ ಮುಖದ ಮೇಲೆ ಸಣ್ಣ ಚಪ್ಪಟೆ ನರೂಲಿ ಸಾಲಾಗಿ, ಗೆರೆ ಎಳೆದಂಗೆ ಬರತ್ತೆ. ಅದು ವೈರಸ್ಸು, ಬ್ಲೇಡು ಓಡಿದ ದಾರೀಲೇ ಅದು ನೆಟ್ಕೊಂಡಿರತ್ತೆ, ಪೈರು ಸಾಲಲ್ಲಿ ನಾಟಿ ಮಾಡಿದ ಹಾಗೆ. ಅದು ಕಂಡ್ರೆ ಅದರ ಮೇಲೆ ರೇಜರ್ ಓಡಿಸೋದು ಆವತ್ತೇ ನಿಲ್ಸಬೇಕು.

ಈಗ ಆ ಮೆಡಿಕಲ್ ಶಾಪ್ ಟ್ಯೂಬಿಗೆ ಬರ್ತೀನಿ, ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿರೋದು ಇದೇ. ಮುಖದಲ್ಲಿ ಗುಳ್ಳೆ, ತುರಿಕೆ ಅಂದ್ರೆ ಕೌಂಟರಲ್ಲಿ ಕೊಡೋದು ಎಷ್ಟೋ ಸಲ ಸ್ಟೀರಾಯ್ಡ್ ಇರೋ ಕ್ರೀಮು, ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್, ಅದ್ರ ಜೊತೆ ಒಂದು ಆಂಟಿಬಯೋಟಿಕ್ಕು ಒಂದು ಫಂಗಸ್ ಔಷಧಿ ಸೇರಿಸಿರ್ತಾರೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿದು ತುರಿಕೆ ನಿಂತುಬಿಡತ್ತೆ, ಅದಕ್ಕೇ ಜನ ಅದನ್ನ ನಂಬ್ತಾರೆ. ಆದ್ರೆ ಸ್ಟೀರಾಯ್ಡ್ ಮಾಡೋದು ಏನು ಅಂದ್ರೆ ದೇಹದ ಪ್ರತಿರೋಧವನ್ನ ಆ ಜಾಗದಲ್ಲಿ ಮಲಗಿಸತ್ತೆ, ಗುಳ್ಳೆಯ ಕಾರಣ ಕೂದಲಾಗಿದ್ರೆ ಕೂದಲು ಅಲ್ಲೇ ಇರತ್ತೆ, ಫಂಗಸ್ ಆಗಿದ್ರೆ ಅದು ತಡೆಯೋರಿಲ್ಲದೆ ಹರಡತ್ತೆ, ಹುಳುಕಡ್ಡಿಯ ಆ ವೃತ್ತದ ಆಕಾರಾನೇ ಅಳಿಸಿಹೋಗಿ ಡಾಕ್ಟರಿಗೂ ಗುರುತು ಹಿಡಿಯೋಕೆ ಕಷ್ಟ ಆಗತ್ತೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ಒಳಗಿನ ರಕ್ತನಾಳ ಕಾಣೋಕೆ ಶುರುವಾಗತ್ತೆ, ಬಿಸಿಲಿಗೆ ಹೋದ್ರೆ ಉರಿ, ಕ್ರೀಮ್ ಬಿಟ್ರೆ ಮುಖ ಕೆಂಡದ ಥರ ಕೆಂಪಾಗಿ ಮತ್ತೆ ಅದೇ ಕ್ರೀಮಿಗೆ ಓಡಬೇಕು. ಇಂಡಿಯಾದಲ್ಲಿ ಕೆಲವು ವರ್ಷಗಳಿಂದ ಸಾಮಾನ್ಯ ಔಷಧಿಗೆ ಬಗ್ಗದ ಹುಳುಕಡ್ಡಿ ಹಳ್ಳಿ ಪಟ್ಟಣ ಅನ್ನದೆ ಹರಡಿದೆ, 2020ರಲ್ಲಿ ಆ ಫಂಗಸ್ಸಿಗೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ನಮ್ಮ ದೇಶದ ಹೆಸರೇ ಸೇರಿಸಿ ಹೆಸರಿಟ್ಟಿದಾರೆ, ಈ ಥರದ ಬೆರಕೆ ಕ್ರೀಮುಗಳ ದುರ್ಬಳಕೆಯೂ ಅದಕ್ಕೆ ಒಂದು ಕಾರಣ ಅಂತ ಚರ್ಮದ ಡಾಕ್ಟರುಗಳು ಹೇಳ್ತಾನೇ ಇದಾರೆ. ಟ್ಯೂಬ್ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರಿನ ಕೊನೇಲಿ "ಸೋನ್", "ಸಾಲ್" ಅಂತ ಕಂಡ್ರೆ ಒಂದು ಸಲ ಕೇಳಿ, ಇದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ. ಡಾಕ್ಟರ್ ಇಷ್ಟು ದಿನ ಅಂತ ಹೇಳಿ ಬರೆದುಕೊಟ್ರೆ ಅದು ಬೇರೆ ಮಾತು.

ಕಟಿಂಗ್ ಶಾಪ್ ವಿಚಾರ. ನಮ್ಮೂರ ಕಡೆ ಅಂಗಡೀಲಿ ಬ್ಲೇಡನ್ನ ಉದ್ದಕ್ಕೆ ಎರಡಾಗಿ ಮುರಿದು ಒಂದು ಅರ್ಧ ಕತ್ತಿಗೆ ಹಾಕ್ತಾರೆ, ಅದು ಒಳ್ಳೆ ಪದ್ಧತಿ, ಒಂದೇ ಅಂಚು, ಹೊಸ ಬ್ಲೇಡು. ಆದ್ರೆ ಅದು ನಿಮ್ಮ ಕಣ್ಣೆದುರಿಗೇ ಮುರಿದು ಹಾಕಿದ್ದಾಗಬೇಕು. ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ, ದೇಹದಿಂದ ಆಚೆ ಕನಿಷ್ಠ ಏಳು ದಿನ ಬದುಕಿರತ್ತೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಡೆಟಾಲ್ ನೀರಲ್ಲಿ ಒಂದ್ಸಲ ಅದ್ದಿ ತೆಗೆದ್ರೆ ಅದು ಸಾಯಲ್ಲ. ಅದಕ್ಕೆ ಲಸಿಕೆ ಇದೆ, ಈಗಿನ ಮಕ್ಕಳಿಗೆ ಹುಟ್ಟಿದ ತಕ್ಷಣ ಹಾಕ್ತಾರೆ, ನನ್ನ ವಯಸ್ಸಿನ ಎಷ್ಟೋ ಜನಕ್ಕೆ ಹಾಕೇ ಇಲ್ಲ, ದೊಡ್ಡವರೂ ಹಾಕಿಸ್ಕೋಬಹುದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. "ಅಣ್ಣಾ, ಹೊಸ ಬ್ಲೇಡ್ ಹಾಕಿ" ಅಂತ ಕೇಳೋದ್ರಲ್ಲಿ ಯಾರಿಗೂ ಅವಮಾನ ಇಲ್ಲ, ನಾನು ಹೋಗೋ ಅಂಗಡಿ ಅಣ್ಣ ಕೇಳೋಕೆ ಮುಂಚೇನೇ ಪ್ಯಾಕೆಟ್ ತೋರಿಸಿ ಒಡೀತಾರೆ. ಪಟಿಕದ ಬಗ್ಗೇನೂ ಇದೇ ಮಾತು. ಪಟಿಕ ಅಂದ್ರೆ ಪೊಟ್ಯಾಶಿಯಂ ಅಲ್ಯೂಮಿನಿಯಂ ಸಲ್ಫೇಟು, ಗಾಯದ ಜಾಗದಲ್ಲಿ ಪ್ರೋಟೀನನ್ನ ಹೆಪ್ಪುಗಟ್ಟಿಸಿ ಚರ್ಮ ಬಿಗಿ ಮಾಡತ್ತೆ, ಸಣ್ಣ ಗೀರಿನ ರಕ್ತ ನಿಲ್ಲತ್ತೆ, ನಮ್ಮಜ್ಜನ ಕಾಲದಿಂದ ಇರೋ ಒಳ್ಳೆ ವಸ್ತು. ಆದ್ರೆ ಒಂದೇ ಗಡ್ಡೆಯನ್ನ ಬಂದವರ ಗಾಯಕ್ಕೆಲ್ಲ ಉಜ್ಜೋದು ಬೇಡ, ನಿಮ್ಮದೊಂದು ತುಂಡು ಮನೇಲಿ ಇಟ್ಕೊಳ್ಳಿ. ಹತ್ತಿಪ್ಪತ್ತು ರೂಪಾಯಿ ಮಾತು.

ತಲೆ ಹಿಂಭಾಗ, ಕತ್ತಿನ ಮೇಲೆ ಜೀರೋ ಮಷಿನ್ ಹೊಡೆಸೋ ಹುಡುಗರು ಒಂದು ಗಮನಿಸಬೇಕು. ಅಲ್ಲಿ ಗಟ್ಟಿ ಗಂಟು ಗಂಟು ಆಗಿ, ನಿಧಾನಕ್ಕೆ ಸೇರ್ಕೊಂಡು, ಕೂದಲು ಬೆಳೆಯದ ದಪ್ಪ ಪಟ್ಟಿ ಆಗೋ ಒಂದು ಕಾಯಿಲೆ ಇದೆ, ಬುಡಕ್ಕೆ ಕತ್ತರಿಸೋದು, ಕಾಲರ್ ಉಜ್ಜೋದು ಅದನ್ನ ಕೆರಳಿಸತ್ತೆ. ಶುರುವಲ್ಲೇ ತೋರಿಸಿದ್ರೆ ಹಿಡಿತಕ್ಕೆ ಬರತ್ತೆ, ಗಂಟು ದೊಡ್ಡದಾದ ಮೇಲೆ ಕಷ್ಟ.

ಹೆಣ್ಣುಮಕ್ಕಳು ಇದನ್ನ ಓದ್ತಿದ್ರೆ, ಕಂಕುಳು, ಕಾಲು, ಕೆಳಭಾಗದ ಕೂದಲಿಗೂ ಇಷ್ಟೂ ಅನ್ವಯಿಸತ್ತೆ, ಕಂಕುಳು, ಕೆಳಭಾಗದ ಕೂದಲಂತೂ ಗುಂಗುರು, ಮೇಲೆ ಬಿಗಿ ಬಟ್ಟೆ, ಬೆವರು, ಗುಳ್ಳೆ ಆಗದೆ ಇನ್ನೇನು. ಮುಚ್ಕೊಳ್ಳೋ ಜಾಗ ಅಂತ ಯಾರಿಗೂ ಹೇಳದೆ ವರ್ಷಗಟ್ಟಲೆ ನರಳೋರಿದಾರೆ, ಅದು ಬೇಡ. ಮುಖದ ನವಿರು ಕೂದಲು ಶೇವ್ ಮಾಡಿದ್ರೆ ಗಡ್ಡ ಬರತ್ತೆ ಅನ್ನೋ ಭಯ ಮಾತ್ರ ಬಿಡಿ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅನ್ನೋ ಅಮೆರಿಕದ ವಿಜ್ಞಾನಿ ಇದನ್ನ ಪರೀಕ್ಷೆ ಮಾಡಿ, ಶೇವ್ ಮಾಡಿದ್ರಿಂದ ಕೂದಲು ದಪ್ಪಾನೂ ಆಗಲ್ಲ ಬೇಗಾನೂ ಬೆಳೆಯಲ್ಲ ಅಂತ ತೋರಿಸಿದಾರೆ. ಮತ್ತೆ ಒರಟು ಅನ್ಸೋದು ಯಾಕೆ? ಕೊಯ್ಲಾದ ಗದ್ದೇಲಿ ಬರಿಗಾಲಲ್ಲಿ ನಡೆದೋರಿಗೆ ಗೊತ್ತು, ಪೈರು ನಿಂತಿದ್ದಾಗ ಕಾಲಿಗೆ ಮೆತ್ತಗೆ ಸವರೋ ಅದೇ ಕಡ್ಡಿ ಕೂಳೆ ಆದ ಮೇಲೆ ಹೇಗೆ ಚುಚ್ಚತ್ತೆ ಅಂತ. ಆದ್ರೆ ಗಲ್ಲದ ಮೇಲೆ ಗಟ್ಟಿ ಕಪ್ಪು ಕೂದಲು ಹೊಸದಾಗಿ ಬರ್ತಾ ಇದ್ದು ಮುಟ್ಟೂ ಏರುಪೇರಾಗ್ತಿದ್ರೆ ಅದು ಶೇವಿಂಗಿನ ತಪ್ಪಲ್ಲ, ಪಿಸಿಓಡಿ, ಅಂದ್ರೆ ಹಾರ್ಮೋನ್ ಏರುಪೇರಿನ ಒಂದು ತೊಂದರೆ, ಇರಬಹುದು, ಲೇಡಿ ಡಾಕ್ಟರಿಗೆ ತೋರಿಸಿ.

ಹಾಗಾದ್ರೆ ಶೇವ್ ಮಾಡಲೇಬೇಕಾದೋರು ಏನ್ ಮಾಡ್ಬೇಕು, ಡ್ಯೂಟಿ ಅಂತ ಇರತ್ತಲ್ಲ. ನನಗೆ ಕೆಲಸ ಮಾಡಿದ್ದು ಹೇಳ್ತೀನಿ. ಸ್ನಾನ ಮಾಡಿ ಆದ ಮೇಲೆ ಶೇವ್ ಮಾಡಿ, ಒಣ ಗಡ್ಡಕ್ಕೆ ಯಾವತ್ತೂ ಬ್ಲೇಡ್ ಇಡಬೇಡಿ, ಎರಡು ಮೂರು ನಿಮಿಷ ಉಗುರುಬೆಚ್ಚಗಿನ ನೀರು ಕುಡಿದ ಕೂದಲು ಊದ್ಕೊಂಡು ಮೆತ್ತಗಾಗತ್ತೆ, ಕತ್ತರಿಸೋಕೆ ಬಲ ಕಮ್ಮಿ ಸಾಕು. ಬೋರ್‌ವೆಲ್ ಗಡಸು ನೀರಿರೋ ಕಡೆ ಸೋಪು ನೊರೆ ನಿಲ್ಲಲ್ಲ, ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಡ್ಡಾಗತ್ತೆ, ಅಂಥಲ್ಲಿ ಶೇವಿಂಗ್ ಕ್ರೀಮೋ ಜೆಲ್ಲೋ ಹಚ್ಚಿ, ಕುದಿಸಿ ಆರಿಸಿದ ನೀರೋ ಆರ್‌ಓ ಫಿಲ್ಟರ್ ನೀರೋ ಒಂದು ಚೊಂಬು ಇಟ್ಕೊಳ್ಳಿ. ಒಂದೇ ಬ್ಲೇಡಿನ ರೇಜರ್, ಕೂದಲು ಮಲಗಿರೋ ದಿಕ್ಕಿಗೇ ಸಣ್ಣ ಸಣ್ಣದಾಗಿ ಎಳೀರಿ, ಚರ್ಮ ಎಳೆದು ಹಿಡೀಬೇಡಿ, ಒತ್ತಬೇಡಿ, ಉಲ್ಟಾ ಬೇಡವೇ ಬೇಡ, ಒಂದೇ ಜಾಗದಲ್ಲಿ ಎರಡಕ್ಕಿಂತ ಹೆಚ್ಚು ಸಲ ಓಡಿಸಬೇಡಿ. ಸಾಧ್ಯ ಆದ್ರೆ ಇದಕ್ಕೂ ಒಳ್ಳೇದು ಟ್ರಿಮ್ಮರು, ಒಂದು ಮಿಲಿಮೀಟರ್ ಬಿಟ್ಟು ಹೊಡೆದ್ರೆ ದೂರದಿಂದ ಕ್ಲೀನ್ ಶೇವ್ ಥರಾನೇ ಕಾಣತ್ತೆ, ಕೂದಲು ಒಳಗೆ ಸರಿಯೋಕೆ ಅವಕಾಶಾನೇ ಇಲ್ಲ. ಬ್ಲೇಡು ಐದರಿಂದ ಏಳು ಸಲಕ್ಕೆ ಬದಲಾಯಿಸಿ, ಒದ್ದೆ ಬಾತ್‌ರೂಮಲ್ಲಿ ಬಿಡದೆ ಒಣಗಿಸಿ ಇಡಿ. ಕೂದಲಿಗಿಂತ ಸ್ಟೀಲು ಸುಮಾರು 50 ಪಟ್ಟು ಗಟ್ಟಿ, ಆದ್ರೂ ಕೂದಲು ಒಂದು ಕೋನದಲ್ಲಿ ಬಾಗಿ ಅಂಚಿಗೆ ಬಡಿದಾಗ ಬ್ಲೇಡಿನ ಅಂಚು ಸಣ್ಣ ಸಣ್ಣ ಚಕ್ಕೆಯಾಗಿ ಕಿತ್ತು ಬರತ್ತೆ ಅಂತ 2020ರಲ್ಲಿ ಅಮೆರಿಕದ ಎಂಐಟಿ ಅನ್ನೋ ವಿಶ್ವವಿದ್ಯಾಲಯದವರು ಮೈಕ್ರೋಸ್ಕೋಪಲ್ಲಿ ನೋಡಿದಾರೆ, ಆ ಮುಕ್ಕಾದ ಅಂಚು ಕೂದಲನ್ನ ಕತ್ತರಿಸೋ ಬದಲು ಎಳೆಯತ್ತೆ. ಆಫ್ಟರ್ ಶೇವ್ ಅಂತ ಉರಿಯೋ ಸ್ಪಿರಿಟ್ಟು, ಪರ್ಫ್ಯೂಮು ಬೇಡ, ವಾಸನೆ ಇಲ್ಲದ ಮಾಯಿಶ್ಚರೈಸರ್ ಸಾಕು. ಶೇವ್ ಆದ ದಿನಾನೇ ಮೀಸೆಗೆ ಡೈ ಹಚ್ಚೋದೂ ಬೇಡ, ಕಪ್ಪು ಡೈಯಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ಗೀರು ಬಿದ್ದ ಚರ್ಮದಲ್ಲಿ ಸುಲಭವಾಗಿ ಇಳಿಯತ್ತೆ, ಅದರ ಅಲರ್ಜಿ ಆದ್ರೆ ಮುಖ ಊದಿ ನೀರು ಸುರಿಯತ್ತೆ.

ಈಗಾಗಲೇ ಇರೋ ಗುಳ್ಳೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹತ್ತು ನಿಮಿಷ ಇಡಿ. ಕಮಾನಾಗಿ ಬಾಗಿರೋ ಕೂದಲು ಮೇಲೇ ಕಾಣ್ತಿದ್ರೆ ಸ್ಪಿರಿಟ್ಟಲ್ಲಿ ಒರೆಸಿದ ಸೂಜಿಯಿಂದ ತುದಿ ಮಾತ್ರ ಮೆಲ್ಲಗೆ ಎಬ್ಬಿಸಿ ಬಿಡಬಹುದು. ಚಿಮುಟದಲ್ಲಿ ಬುಡಸಮೇತ ಕೀಳಬಾರದು, ಕಿತ್ತ ಕೂದಲು ಮತ್ತೆ ಹುಟ್ಟಿ ಬರುವಾಗ ಒಳಗೇ ದಾರಿ ತಪ್ಪತ್ತೆ. ಡಾಕ್ಟರ್ ಸಾಮಾನ್ಯವಾಗಿ ಬೆಂಜೋಯ್ಲ್ ಪೆರಾಕ್ಸೈಡ್, ಗ್ಲೈಕೋಲಿಕ್ ಆಸಿಡ್, ಅಡಾಪಲೀನ್ ಥರದ್ದು ಬರೀತಾರೆ, ಅವು ರಂಧ್ರದ ಬಾಯಿ ಕಟ್ಟದ ಹಾಗೆ ನೋಡ್ಕೊಳ್ಳತ್ತೆ. ಕಪ್ಪು ಕಲೆಗೆ ನಿಂಬೆಹಣ್ಣು ಉಜ್ಜಬೇಡಿ, ಗಾಯದ ಮೇಲೆ ಗಾಯ. ಹೊಸ ಗುಳ್ಳೆ ನಿಂತ್ರೆ, ಜೊತೆಗೆ ಸನ್‌ಸ್ಕ್ರೀನ್ ಹಚ್ಚಿದ್ರೆ ಕಲೆ ತಿಂಗಳುಗಳಲ್ಲಿ ತಿಳಿಯಾಗತ್ತೆ. ಏನ್ ಮಾಡಿದ್ರೂ ಹೋಗದೋರಿಗೆ ಕೂದಲು ಬೆಳೆಯೋದನ್ನೇ ಕಮ್ಮಿ ಮಾಡೋ ಲೇಸರ್ ಇದೆ, ನಮ್ಮಂಥ ಕಂದು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಮಾಡಿಸೋ ಮುಂಚೆ ಯಾವ ಲೇಸರ್ ಅಂತ ಕೇಳಿ. ದುಡ್ಡು ಇಲ್ಲದೋರು ಜಿಲ್ಲಾ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ, ಅಲ್ಲಿ ನೋಡೋರೂ ಚರ್ಮರೋಗ ತಜ್ಞರೇ.

ಈ ಸಲ ಮಾಲೆ ಹಾಕೋ ಸ್ವಾಮಿಗಳಿಗೆ ಒಂದು ವಿಷಯ ಉಳಿದಿದೆ. ಶಬರಿಮಲೆಯಿಂದ ವಾಪಸ್ ಬಂದು ಮಾಲೆ ತೆಗೆದ ಮೇಲೆ ಮಾಡೋ ಮೊದಲ ಶೇವ್ ತುಂಬಾ ಕೆಟ್ಟದ್ದು, ಅರ್ಧ ಇಂಚು ಗಡ್ಡಕ್ಕೆ ಸೀದಾ ಕತ್ತಿ ಇಟ್ಟು ನುಣ್ಣಗೆ ಮಾಡಿಸ್ಕೊಂಡು ಬರ್ತಾರೆ, ನಾನೂ ಹಾಗೇ ಮಾಡಿಸಿದ್ದೆ. 41 ದಿನ ಹೊರಗೆ ಬಂದು ನಿಂತ ಅಷ್ಟೂ ಕೂದಲನ್ನ ಒಂದೇ ದಿನ ಮತ್ತೆ ಚರ್ಮದೊಳಗೆ ಕಳಿಸಿದಂಗೆ ಅದು. ಮೊದಲು ಕತ್ತರೀಲಿ ಗಿಡ್ಡ ಮಾಡಿಸಿ, ಆಮೇಲೆ ಟ್ರಿಮ್ಮರಲ್ಲಿ ಮೂರು ಮಿಲಿಮೀಟರಿಗೆ ತನ್ನಿ, ನಾಲ್ಕೈದು ದಿನ ಬಿಟ್ಟು ಒಂದಕ್ಕೆ ಇಳಿಸಿ, ಅಲ್ಲಿಗೇ ನಿಲ್ಸಿ.